ವಾಣಿಜ್ಯ ವಿದ್ಯಾಶಾಲೆಯ ಮಾನ್ಯತೆಯೂ ದೇಶಾಂತರ ಸಂಬಂಧವೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ಉಚ್ಚ ವಿದ್ಯೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಬುದ್ಧಿಯವರಿಂದ ಅಪ್ಪಣೆಯಾಯಿತು. ವಿದ್ಯೆಯ ವಿಷಯವೆಂಬುದು ಸಮುದ್ರದಂತೆ ವಿಶಾಲವಾದುದು. ಆದಕಾರಣ ಅದರಲ್ಲಿ ಒಂದು ಭಾಗವನ್ನು ಮಾತ್ರ, ಎಂದರೆ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಬಿ.ಎ. ಮೊದಲಾದ ಪದವಿಗಳನ್ನು ಕೊಡುವ ವಾಣಿಜ್ಯ ವ್ಯವಸ್ಥಾಪನ ವಿದ್ಯಾಶಾಲೆಗಳನ್ನು ಕುರಿತು, ಅವು ಈಗ ಅರಸುತ್ತಿರುವ ಮಾನ್ಯತೆ ಮತ್ತು ದೇಶಾಂತರ ಸಂಬಂಧಗಳನ್ನು ಕುರಿತು, ಯಥಾಮತಿಯಾಗಿ ಅರಿಕೆ ಮಾಡಿಕೊಳ್ಳುವೆನು. ಮಠದ ಸಭೆಯಲ್ಲಿ ವ್ಯಾಪಾರವಿದ್ಯೆಯ ಮಾತೇಕೆ ಎಂದು ಯಾರಾದರೂ ಶಂಕಿಸಬಹುದು. ಕಾಯಕವನ್ನು ಹೊರಗಿಟ್ಟು ನಮ್ಮಲ್ಲಿ ಯಾವ ಮಾತೂ ಇಲ್ಲ. ಅಲ್ಲದೆ ಇಲ್ಲಿ ಕುಳಿತಿರುವ ಎಷ್ಟೋ ಮಂದಿ ತಂದೆತಾಯಿಗಳು ಕಬ್ಬು ಮಾರಿದ ಹಣವನ್ನೊ, ಒಡವೆಯಿಟ್ಟು ತಂದ ಸಾಲವನ್ನೊ ಮಕ್ಕಳ ಈ ವಿದ್ಯೆಗಾಗಿ ತೆರುತ್ತಿದ್ದಾರೆ. ತೆತ್ತ ಹಣಕ್ಕೆ ತಕ್ಕ ಸರಕು ದೊರೆಯುತ್ತಿದೆಯೇ ಎಂದು ವಿಚಾರಿಸುವುದು ಲೌಕಿಕವಾದರೂ ಧರ್ಮವೇ ಆಗಿರುತ್ತದೆ.

ಮೊದಲು ಮಾನ್ಯತೆ ಎಂದರೇನೆಂಬುದನ್ನು ತಿಳಿಯೋಣ. ನಮ್ಮ ಸೀಮೆಯ ರೈತನಿಗೆ ಇದನ್ನು ಬಹಳವಾಗಿ ವಿವರಿಸಬೇಕಾದುದಿಲ್ಲ. ಗಾಡಿಯ ತುಂಬ ಕಬ್ಬನ್ನು ಕಾರ್ಖಾನೆಗೆ ಒಯ್ದಾಗ ಅವನು ಎರಡು ವಿಷಯಗಳನ್ನು ಕೇಳುತ್ತಾನೆ, ತೂಕವೆಷ್ಟು, ಇಳುವರಿಯೆಷ್ಟು. ೨೦೨೫-೨೬ರ ಹಂಗಾಮಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ದರವು ಶೇಕಡ ೧೦.೨೫ರ ಇಳುವರಿಗೆ ಕ್ವಿಂಟಾಲ್ ಒಂದಕ್ಕೆ ೩೫೫ ರೂಪಾಯಿ. ಇಳುವರಿಯ ಅಂಕಿಯಲ್ಲಿ ಅಲ್ಪ ವ್ಯತ್ಯಾಸವಾದರೂ ರೈತನ ಕೈಗೆ ಬರುವ ಹಣದಲ್ಲಿ ವ್ಯತ್ಯಾಸವಾಗುವುದು. ತೂಗುವವನೂ ಕೊಳ್ಳುವವನೂ ಒಬ್ಬನೇ ಆದರೆ ರೈತನ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಮೂರನೆಯವನೊಬ್ಬನು ತಕ್ಕಡಿಯನ್ನು ಪರೀಕ್ಷಿಸಿ ಸರಿಯಾಗಿದೆಯೆಂದು ಹೇಳಬೇಕು. ವಿದ್ಯಾಶಾಲೆಯ ವಿಷಯದಲ್ಲಿ ಕಲಿಸುವವರೂ ಅವರೇ, ಪರೀಕ್ಷೆ ಮಾಡುವವರೂ ಅವರೇ, ಪದವಿ ಕೊಡುವವರೂ ಅವರೇ. ಈ ತಕ್ಕಡಿಯನ್ನು ಹೊರಗಿನ ತಜ್ಞರು ಬಂದು ಪರಿಶೀಲಿಸಿ, ಇದು ನೆಚ್ಚತಕ್ಕುದು ಎಂದು ಒಂದು ಅವಧಿಯವರೆಗೆ ಹೇಳುವ ಮಾತಿಗೆ ಮಾನ್ಯತೆಯೆಂದು ಹೆಸರು.

ಈ ಪದ್ಧತಿಯ ಚರಿತ್ರೆಯಲ್ಲಿ ನಮಗೆ ಪ್ರಿಯವಾದ ಒಂದು ಯೋಗಾಯೋಗವುಂಟು. ಅಮೆರಿಕ ದೇಶದ ವಾಣಿಜ್ಯ ವಿದ್ಯಾಶಾಲೆಗಳು ಒಟ್ಟುಗೂಡಿ ಈಗ ಎ.ಎ.ಸಿ.ಎಸ್.ಬಿ. ಎಂದು ಹೆಸರಾದ ಸಂಘವನ್ನು ಸ್ಥಾಪಿಸಿದ್ದು ೧೯೧೬ರಲ್ಲಿ. ಅದೇ ವರ್ಷದ ಜುಲೈ ೨೭ರಂದು ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಜನ್ಮತಾಳಿತು. ಮೈಸೂರು ವಾಣಿಜ್ಯ ಮಂಡಲಿಯನ್ನು ವಿಶ್ವೇಶ್ವರಯ್ಯನವರು ಸ್ಥಾಪಿಸಿದ್ದೂ ಅದೇ ವರ್ಷ. ಆ ವರ್ಷದ ನವೆಂಬರ್ ೧೩ರಂದು ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕರ್ನಾಟಕ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು, ಎಂದರೆ ಈಗಿನ ಕೆ.ಎಲ್.ಇ. ಸಂಸ್ಥೆಯನ್ನು, ತಮ್ಮ ದುಡಿಮೆಯನ್ನೇ ಬಂಡವಾಳವಾಗಿಟ್ಟು ಆರಂಭಿಸಿದರು. ಆ ಏಳು ಮಂದಿಯನ್ನು ಜನರು ಸಪ್ತರ್ಷಿಗಳೆಂದು ಕರೆದರು. ಸಮುದ್ರದಾಚೆಯವರು ಅಳತೆಗೋಲನ್ನು ಸಿದ್ಧಪಡಿಸುತ್ತಿದ್ದ ಕಾಲದಲ್ಲಿಯೇ ನಮ್ಮ ಹಿರಿಯರು ಅಳೆಯಿಸಿಕೊಳ್ಳತಕ್ಕ ಸಂಸ್ಥೆಗಳನ್ನು ಕಟ್ಟುತ್ತಿದ್ದರು. ಆದಕಾರಣ ಈ ಮಾತಿನಲ್ಲಿ ನಾವು ಯಾರಿಗೂ ಹಿಂದೆ ಬಂದವರಲ್ಲ.

ನಮ್ಮ ದೇಶದಲ್ಲಿ ೧೯೯೪ರಲ್ಲಿ ಎರಡು ಮಂಡಲಿಗಳು ಏರ್ಪಟ್ಟುವು. ಒಂದು, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಆಶ್ರಯದ ನ್ಯಾಕ್. ಇದರ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ. ಇದು ವಿಶ್ವವಿದ್ಯಾನಿಲಯ ಅಥವಾ ಕಾಲೇಜನ್ನು ಒಟ್ಟಾಗಿ ಪರಿಶೀಲಿಸುತ್ತದೆ. ಮತ್ತೊಂದು, ತಾಂತ್ರಿಕ ಶಿಕ್ಷಣ ಪರಿಷತ್ತಿನಿಂದ ಹುಟ್ಟಿದ ಎನ್.ಬಿ.ಎ.; ಇದು ವ್ಯವಸ್ಥಾಪನ ಶಿಕ್ಷಣವೂ ಸೇರಿದಂತೆ ಒಂದೊಂದು ಪದವಿಯ ಕ್ರಮವನ್ನು ಬೇರೆಬೇರೆಯಾಗಿ ಪರಿಶೀಲಿಸುತ್ತದೆ. ನ್ಯಾಕ್ ಮಂಡಲಿಯು ಅನುಸರಿಸಿಕೊಂಡು ಬಂದ ಪದ್ಧತಿಯಲ್ಲಿ ಪಠ್ಯಕ್ರಮ, ಬೋಧನೆ, ಸಂಶೋಧನೆ, ಕಟ್ಟಡ ಪುಸ್ತಕಾದಿ ಸಾಧನಗಳು, ವಿದ್ಯಾರ್ಥಿಗಳ ಯೋಗಕ್ಷೇಮ, ಆಡಳಿತ, ಸಂಸ್ಥೆಯ ಮೌಲ್ಯಗಳು ಎಂದು ಏಳು ತಲೆಬರಹಗಳುಂಟು. ಸಂಸ್ಥೆಯು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಒಂದು ವರದಿಯನ್ನು ಬರೆಯಬೇಕು. ಬಳಿಕ ಬೇರೆ ಊರಿನ ವಿದ್ವಾಂಸರು ಬಂದು ಆ ವರದಿಯ ಸತ್ಯಾಸತ್ಯವನ್ನು ನೋಡುವರು. ೨೦೦೦ದಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಈ ಮಂಡಲಿಯಿಂದ ಪಂಚತಾರಾ ಮಾನ್ಯತೆಯು ಲಭಿಸಿತು. ನಮ್ಮ ಮಕ್ಕಳು ದಿನಬೆಳಗಾದರೆ ಬಸ್ಸಿನಲ್ಲಿ ಹೋಗಿಬರುವ ಮಾನಸಗಂಗೋತ್ರಿಯಲ್ಲಿರುವ ಬಿ. ಎನ್. ಬಹದ್ದೂರ್ ವ್ಯವಸ್ಥಾಪನಾ ವಿಜ್ಞಾನ ಸಂಸ್ಥೆಯು ಈ ವಿಶ್ವವಿದ್ಯಾನಿಲಯದ ಅಂಗವೇ ಆಗಿದೆ.

ದೇಶಾಂತರದ ಮಾನ್ಯತೆಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಮೇಲೆ ಹೇಳಿದ ಅಮೆರಿಕದ ಎ.ಎ.ಸಿ.ಎಸ್.ಬಿ.; ಇದರ ಮಾನ್ಯತೆಯನ್ನು ಪಡೆದ ಶಾಲೆಗಳು ಈಗ ಜಗತ್ತಿನಲ್ಲಿ ಸಾವಿರದಷ್ಟು. ಎರಡನೆಯದು ಲಂಡನ್ ನಗರದ ಆಂಬಾ, ೧೯೬೭ರಲ್ಲಿ ಸ್ಥಾಪಿತವಾದುದು. ಮೂರನೆಯದು ಬ್ರಸೆಲ್ಸ್ ನಗರದ ಸಂಸ್ಥೆಯೊಂದು ಕೊಡುವ ಈಕ್ವಿಸ್. ಮೂರನ್ನೂ ಪಡೆದ ಶಾಲೆಯನ್ನು ತ್ರಿಕಿರೀಟಧಾರಿಯೆಂದು ಕರೆಯುವ ವಾಡಿಕೆಯಿದೆ. ನಮ್ಮ ದೇಶದಲ್ಲಿ ಅಹಮದಾಬಾದಿನ ಐ.ಐ.ಎಂ. ೨೦೦೮ರಲ್ಲಿ ಈಕ್ವಿಸ್ ಮಾನ್ಯತೆಯನ್ನು ಪಡೆಯಿತು. ಮೂರು ಕಿರೀಟಗಳನ್ನೂ ಮೊದಲು ಧರಿಸಿದ್ದು ಕಲ್ಕತ್ತೆಯ ಐ.ಐ.ಎಂ. ನಮ್ಮ ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾದ ಐ.ಐ.ಎಂ. ಕೂಡ ಈಕ್ವಿಸ್ ಪಂಕ್ತಿಯಲ್ಲಿ ಸೇರಿದೆ. ಇವು ಕೇಂದ್ರ ಸರ್ಕಾರದ ವಿಶೇಷ ಕೃಪೆಗೆ ಪಾತ್ರವಾದ ಸಂಸ್ಥೆಗಳು. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿರುವ ವಾಣಿಜ್ಯ ವಿದ್ಯಾಶಾಲೆಗಳೂ ಆ ದಾರಿಯನ್ನು ಹಿಡಿಯಬೇಕೇ, ಹಿಡಿದರೆ ಹೇಗೆ ಹಿಡಿಯಬೇಕು ಎಂಬುದೇ ಈ ದಿನದ ಪ್ರಶ್ನೆ.

ಪ್ರಶ್ನೆಗೆ ಉತ್ತರವನ್ನು ಹೇಳುವುದಕ್ಕೆ ಮುಂಚೆ, ಮನೆಮನೆಯಲ್ಲಿ ಉಪಯೋಗಕ್ಕೆ ಬರುವ ಒಂದು ವಿವೇಕವನ್ನು ತಿಳಿಸಬೇಕಾಗಿದೆ. ಕಾಲೇಜುಗಳ ಪ್ರಕಟನೆಗಳಲ್ಲಿ ನಾಲ್ಕು ಬೇರೆಬೇರೆ ವಸ್ತುಗಳನ್ನು ಕಲಸಿ ಒಂದೇ ಬಣ್ಣದಲ್ಲಿ ಅಚ್ಚುಹಾಕಿರುತ್ತಾರೆ. ಅನುಮತಿ ಬೇರೆ, ಮಾನ್ಯತೆ ಬೇರೆ, ಸದಸ್ಯತ್ವ ಬೇರೆ, ಶ್ರೇಣಿ ಬೇರೆ. ಸರ್ಕಾರದ ಪರಿಷತ್ತು ಶಾಲೆಯನ್ನು ತೆರೆಯಲು ಒಪ್ಪಿಗೆ ಕೊಡುವುದು ಅನುಮತಿ. ಅದು ಅಂಗಡಿಯ ಪರವಾನಗಿಯಂತೆ. ಸರಕು ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ. ಮೇಲಿನ ದೇಶಾಂತರ ಸಂಘಗಳಿಗೆ ಶುಲ್ಕವನ್ನು ಕೊಟ್ಟು ಸೇರುವುದು ಸದಸ್ಯತ್ವ. ಸದಸ್ಯವಾದ ಶಾಲೆಗಳು ಅನೇಕ. ಅವುಗಳಲ್ಲಿ ಪರಿಶೀಲನೆಗೆ ಒಳಗಾಗಿ ಮಾನ್ಯತೆ ಪಡೆದವು ಕೆಲವು. ಪತ್ರಿಕೆಗಳೂ ಸರ್ಕಾರವೂ ಇದು ಮೊದಲು ಅದು ಎರಡನೆಯದು ಎಂದು ಪಟ್ಟಿಮಾಡುವುದು ಶ್ರೇಣಿ. ನಮ್ಮ ದೇಶದಲ್ಲಿ ೨೦೧೬ರಿಂದ ಪ್ರಕಟವಾಗುತ್ತಿರುವ ಎನ್.ಐ.ಆರ್.ಎಫ್. ಪಟ್ಟಿಯು ಈ ಜಾತಿಯದು. ಸದಸ್ಯತ್ವದ ಚಿಹ್ನೆಯನ್ನು ಮಾನ್ಯತೆಯ ಮುದ್ರೆಯೆಂದು ಭ್ರಮಿಸಿ ಹಣವನ್ನು ಕಟ್ಟಿದ ಮೇಲೆ ಪರಿತಪಿಸಿ ಪ್ರಯೋಜನವಿಲ್ಲ. ಮಾನ್ಯತೆ ಪಡೆದ ಶಾಲೆಗಳ ಪಟ್ಟಿಯನ್ನು ಆಯಾ ಮಂಡಲಿಗಳೇ ಪ್ರಕಟಿಸುತ್ತವೆ. ಮನೆಯಲ್ಲಿರುವ ಓದುಬರಹ ಬಲ್ಲ ಮಗುವೇ ಮೊಬೈಲಿನಲ್ಲಿ ಅದನ್ನು ನೋಡಿ ಹೇಳಬಹುದು.

ಇನ್ನು ಮಾನ್ಯತೆಯಿಂದ ಆಗುವ ಲಾಭವೇನು? ನಾಗಮಂಗಲದ ಹಳ್ಳಿಯೊಂದರಿಂದ ಬಂದ ಹುಡುಗಿಯೊಬ್ಬಳು ಎಂ.ಬಿ.ಎ. ಮುಗಿಸಿದಳೆಂದು ಭಾವಿಸಿ. ಬೆಂಗಳೂರಿನ ದೊಡ್ಡ ಕಂಪನಿಯವನಾಗಲಿ, ಜರ್ಮನಿಯ ವಿಶ್ವವಿದ್ಯಾನಿಲಯದವನಾಗಲಿ ಅವಳ ಊರನ್ನು ಅರಿಯನು, ಅವಳ ಗುರುಗಳನ್ನು ಅರಿಯನು. ಅವಳ ಪರವಾಗಿ ಮಾತಾಡುವುದು ಅವಳ ಪದವಿಯ ಮೇಲಿನ ಹೆಸರು ಮಾತ್ರ. ಬಂಧುಬಳಗದ ಶಿಫಾರಸು ಇದ್ದವನಿಗೆ ಮಾನ್ಯತೆಯ ಮುದ್ರೆಯಿಂದ ಆಗಬೇಕಾದುದು ಅಲ್ಪ. ಯಾರ ಶಿಫಾರಸೂ ಇಲ್ಲದವಳಿಗೆ ಅದೇ ಶಿಫಾರಸು. ಆದಕಾರಣ ಇದು ಧನಿಕರ ಶಾಲೆಗಳಿಗೆ ಬಿಡತಕ್ಕ ಅಲಂಕಾರವಲ್ಲ. ಬಡವರ ಮಕ್ಕಳು ಓದುವ ಸಾರ್ವಜನಿಕ ವಿಶ್ವವಿದ್ಯಾನಿಲಯಕ್ಕೇ ಇದು ಹೆಚ್ಚು ಅಗತ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಆದರೆ ಮುದ್ರೆಯು ಸರಕಿನ ಗುಣವನ್ನು ಹೇಳಬೇಕೇ ಹೊರತು ದೋಷವನ್ನು ಮುಚ್ಚಬಾರದು. ನಮ್ಮ ಆಲೆಮನೆಗಳನ್ನು ನೋಡಿದವರಿಗೆ ಈ ಮಾತಿನ ಅರ್ಥವು ಚೆನ್ನಾಗಿ ಗೊತ್ತು. ಒಳ್ಳೆಯ ಕಬ್ಬಿನ ಹಾಲನ್ನು ಶ್ರದ್ಧೆಯಿಂದ ಕಾಯಿಸಿ ಇಳಿಸಿದ ಬೆಲ್ಲವು ಕಂದುಬಣ್ಣದ್ದಾಗಿರುತ್ತದೆ. ಪೇಟೆಯ ಕೊಳ್ಳುವವನು ಹೊಂಬಣ್ಣವನ್ನು ಕೇಳುತ್ತಾನೆಂದು ಕೊಪ್ಪರಿಗೆಗೆ ಹೈಡ್ರೋಸ್ ಪುಡಿಯನ್ನು ಹಾಕಿದರೆ ಬೆಲ್ಲವು ಕಣ್ಣಿಗೆ ಹಳದಿಯಾಗಿ ಹೊಳೆಯುವುದು. ಹೊಟ್ಟೆಗೆ ಒಳ್ಳೆಯದಲ್ಲ, ಪರದೇಶದ ಪರೀಕ್ಷಾಶಾಲೆಯಲ್ಲಿ ನಿಲ್ಲುವುದೂ ಇಲ್ಲ. ವಿದ್ಯಾಶಾಲೆಗಳಲ್ಲಿಯೂ ಈ ಹೈಡ್ರೋಸ್ ಉಂಟು. ಪರಿಶೀಲಕರು ಬರುವ ವಾರದಲ್ಲಿ ಗೋಡೆಗೆ ಸುಣ್ಣ, ಗ್ರಂಥಾಲಯಕ್ಕೆ ಹೊಸ ಬೀರು, ನಡೆಯದ ಸಭೆಗೆ ಹಳೆಯ ತಾರೀಖಿನ ನಡಾವಳಿ. ಅವರು ಹೊರಟ ಮರುದಿನ ಬೀರುವಿಗೆ ಬೀಗ.

ಬಣ್ಣಹಚ್ಚುವುದಕ್ಕಿಂತ ಹೀನವಾದ ಮಾರ್ಗವೂ ಇದೆ. ೨೦೨೫ರ ಫೆಬ್ರವರಿಯಲ್ಲಿ, ಆಂಧ್ರಪ್ರದೇಶದ ವಿದ್ಯಾಸಂಸ್ಥೆಯೊಂದಕ್ಕೆ ನ್ಯಾಕ್ ಮಂಡಲಿಯ ಉತ್ತಮ ದರ್ಜೆಯನ್ನು ದೊರಕಿಸುವುದಕ್ಕಾಗಿ ಲಂಚವನ್ನು ಕೊಟ್ಟು ತೆಗೆದುಕೊಂಡರೆಂಬ ಆರೋಪದ ಮೇಲೆ ಸಂಸ್ಥೆಯ ಅಧಿಕಾರಿಗಳನ್ನೂ ಪರಿಶೀಲನಾ ತಂಡದವರನ್ನೂ ಸಿ.ಬಿ.ಐ. ಬಂಧಿಸಿತು. ಆರೋಪದ ನಿರ್ಣಯವು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಅಂತಹ ಸುದ್ದಿಯೊಂದರಿಂದ, ಪ್ರಾಮಾಣಿಕವಾಗಿ ದರ್ಜೆಯನ್ನು ಗಳಿಸಿದ ನೂರಾರು ಕಾಲೇಜುಗಳ ಮುದ್ರೆಗೂ ಮಸಿ ತಗಲಿದಂತಾಯಿತು. ತಕ್ಕಡಿಯನ್ನು ಪರೀಕ್ಷಿಸುವವನೇ ತೂಕದಲ್ಲಿ ಮೋಸಮಾಡಿದನೆಂಬ ಸಂಶಯ ಹುಟ್ಟಿದರೆ ಸಂತೆಯೇ ಕೆಡುವುದು.

ಹಾಗಾದರೆ ನಿಜವಾದ ಪರೀಕ್ಷೆಯೆಂತಹುದು? ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೀವೆಲ್ಲರೂ ಬಲ್ಲಿರಿ. ಪತಿಯಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮ್ಮ ಅಳತೆಯದಲ್ಲವೆಂದು ಹಿಂದಕ್ಕೆ ಕಳುಹಿಸಿದವಳು ಆಕೆ. ಹೊರಗಿನ ಅಧಿಕಾರಿಯಾರೂ ಬಂದು ಅಲ್ಲಿ ಅಳೆಯಲಿಲ್ಲ. ಮನೆಯೊಳಗೇ ಅಳತೆಯ ಎಚ್ಚರವಿತ್ತು. ಈಗಿನ ಕಾಲದಲ್ಲಿ ಪ್ರತಿಯೊಂದು ಕಾಲೇಜಿನಲ್ಲಿಯೂ ಆಂತರಿಕ ಗುಣಮಟ್ಟ ಭರವಸೆ ಕೋಶವೆಂಬುದೊಂದು ಇರಬೇಕೆಂದು ನ್ಯಾಕ್ ವಿಧಿಸಿದೆ. ಆ ಕೋಶದಲ್ಲಿ ಒಬ್ಬಳಾದರೂ ಲಕ್ಕಮ್ಮ ಇದ್ದರೆ ಹೊರಗಿನ ಪರಿಶೀಲಕರು ಬಂದಾಗ ಸುಣ್ಣಬಣ್ಣದ ಸಂಭ್ರಮವು ಬೇಕಾಗುವುದಿಲ್ಲ. ಆಕೆ ಇಲ್ಲದಿದ್ದರೆ ಆ ಕೋಶವು ಕಾಗದವನ್ನು ತುಂಬುವ ಕೊಠಡಿ ಮಾತ್ರ.

ದೇಶಾಂತರದ ಮಾನ್ಯತಾ ಪದ್ಧತಿಯಲ್ಲಿ ನನಗೆ ಮೆಚ್ಚಿಕೆಯಾಗಿರುವ ಅಂಶವೂ ಇದೇ. ಅವರು ಕಟ್ಟಡದ ಎತ್ತರವನ್ನು ಮೊದಲು ಕೇಳುವುದಿಲ್ಲ. ನಿಮ್ಮ ಶಾಲೆಯ ಉದ್ದೇಶವೇನೆಂದು ನೀವೇ ಬರೆಯಿರಿ ಎನ್ನುತ್ತಾರೆ. ವಿದ್ಯಾರ್ಥಿಯು ಹೊರಬರುವಾಗ ಏನನ್ನು ಬಲ್ಲವನಾಗಿರಬೇಕು, ಬಲ್ಲನೆಂದು ಹೇಗೆ ಅಳೆದಿರಿ, ಅಳತೆಯಲ್ಲಿ ಕೊರತೆ ಕಂಡಾಗ ಪಾಠವನ್ನು ಹೇಗೆ ತಿದ್ದಿದಿರಿ, ತಿದ್ದಿದ ಮೇಲೆ ಮತ್ತೆ ಅಳೆದಿರಾ ಎಂದು ಕೇಳುತ್ತಾರೆ. ಅರ್ಜಿ, ಆತ್ಮಪರೀಕ್ಷೆಯ ವರದಿ, ಅನುಭವಸ್ಥರೊಬ್ಬರ ಮಾರ್ಗದರ್ಶನ, ತಂಡದ ಭೇಟಿ ಎಂದು ಈ ಕೆಲಸವು ಕೆಲವು ವರ್ಷಗಳವರೆಗೆ ನಡೆಯುವುದು. ಮಾನ್ಯತೆ ದೊರೆತ ಮೇಲೂ ಗೊತ್ತಾದ ಅವಧಿಗೊಮ್ಮೆ ಮರಳಿ ಪರೀಕ್ಷೆಯಾಗುವುದು.

ಅವರು ಕೇಳುವ ಇನ್ನೊಂದು ಪ್ರಶ್ನೆಯು ನಮ್ಮನ್ನು ತಲೆತಗ್ಗಿಸುವಂತೆ ಮಾಡುತ್ತದೆ. ಶಾಲೆಯ ಬೋಧನೆಯಲ್ಲಿ ಶೇಕಡ ೭೫ ಭಾಗವಾದರೂ ಆ ಶಾಲೆಯ ಜೀವನದಲ್ಲಿ ಪೂರ್ಣವಾಗಿ ಬೆರೆತ ಅಧ್ಯಾಪಕರಿಂದ ನಡೆಯಬೇಕೆಂಬುದು ಅಮೆರಿಕದ ಸಂಘದ ಸಾಮಾನ್ಯ ಅಪೇಕ್ಷೆ. ಗಂಟೆಯ ಲೆಕ್ಕದಲ್ಲಿ ಬಂದು ಹೋಗುವವರು ಎಷ್ಟೇ ವಿದ್ವಾಂಸರಾದರೂ ಶಾಲೆಯ ಭಾರವನ್ನು ಹೊರಲಾರರೆಂಬುದು ಇದರ ತಾತ್ಪರ್ಯ. ನಮ್ಮ ರಾಜ್ಯದಲ್ಲಿಯಾದರೋ ಖಾಯಂ ಹುದ್ದೆಗಳು ತೆರವಾಗಿ ವರ್ಷಗಳು ಕಳೆದರೂ ತುಂಬದೆ, ಸಹಸ್ರಾರು ಮಂದಿ ಅತಿಥಿ ಉಪನ್ಯಾಸಕರಿಂದ ಪಾಠಪ್ರವಚನಗಳು ನಡೆಯುತ್ತಿವೆ. ಮುಂದಿನ ವರ್ಷ ತನಗೆ ಕೆಲಸವಿದೆಯೋ ಇಲ್ಲವೋ ತಿಳಿಯದ ಉಪಾಧ್ಯಾಯನು ಮೂರು ವರ್ಷದ ಮುಂದಿನ ಪಠ್ಯಕ್ರಮವನ್ನು ಹೇಗೆ ಯೋಚಿಸಿಯಾನು? ಅವರಲ್ಲಿ ಅನೇಕರು ಅಲ್ಪವೇತನದಲ್ಲಿ ಮಾಡುತ್ತಿರುವ ಸೇವೆಯು ಸ್ತುತ್ಯವಾದುದು. ಆದರೆ ಅತಿಥಿಗಳಿಂದಲೇ ಮನೆ ನಡೆಯುವುದಾದರೆ ಆ ಮನೆಗೆ ಯಜಮಾನರು ಯಾರು? ಮಾನ್ಯತೆಯ ಅರ್ಜಿಯನ್ನು ಬರೆಯುವುದಕ್ಕೆ ಮೊದಲು ಸರ್ಕಾರವೂ ವಿಶ್ವವಿದ್ಯಾನಿಲಯವೂ ಮಾಡಬೇಕಾದ ಕೆಲಸವೆಂದರೆ ಹುದ್ದೆಗಳನ್ನು ತುಂಬುವುದು. ಬೇರಿಗೆ ನೀರೆರೆಯದೆ ಎಲೆಗೆ ಎಣ್ಣೆ ಹಚ್ಚಿದರೆ ಗಿಡವು ಬದುಕದು.

ಇನ್ನು ದೇಶಾಂತರ ಸಂಬಂಧದ ಮಾತಿಗೆ ಬರೋಣ. ಇದು ನಮ್ಮ ಸೀಮೆಗೆ ಹೊಸದೆಂದು ತಿಳಿಯಬಾರದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟೀಪು ಸುಲ್ತಾನನು ಈ ಶ್ರೀರಂಗಪಟ್ಟಣದಲ್ಲಿ ಕುಳಿತು ಅರಬ್ಬೀ ದೇಶದ ಮಸ್ಕತ್ ಬಂದರಿನಲ್ಲಿ ಮೈಸೂರಿನ ವ್ಯಾಪಾರ ಕೋಠಿಯನ್ನು ನಡೆಸಿದನು. ಗಂಧ, ಮೆಣಸು, ಏಲಕ್ಕಿ ಮೊದಲಾದುವು ಆ ಮಾರ್ಗವಾಗಿ ಸಾಗುತ್ತಿದ್ದುವು. ಪಾಂಡವಪುರಕ್ಕೆ ಬಹುಕಾಲದವರೆಗೆ ಫ್ರೆಂಚ್ ರಾಕ್ಸ್ ಎಂದು ಹೆಸರಿದ್ದುದಕ್ಕೆ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರೇ ಕಾರಣ. ಪರದೇಶದವರು ನಮ್ಮ ಊರಿಗೆ ಬಂದು ಹೋದದ್ದುಂಟು. ಆದರೆ ಅವರಲ್ಲಿ ಯಾರಿಂದ ನಮಗೆ ಒಳಿತಾಯಿತೆಂಬುದನ್ನು ಎಣಿಸಿ ನೋಡಬೇಕು.

ಅಂತಹವರಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಸಾಹೇಬರು ಒಬ್ಬರು. ಕೆನಡಾ ದೇಶದ ಈ ವಿಜ್ಞಾನಿಯು ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಯಾಗಿ, ಅಡಿಕೆಯ ಕೊಳೆರೋಗದಿಂದ ಹಿಡಿದು ಕಬ್ಬಿನ ತಳಿಗಳವರೆಗೆ ನಮ್ಮ ಬೆಳೆಗಳನ್ನು ಅಭ್ಯಾಸಮಾಡಿದರು. ಕನ್ನಂಬಾಡಿಯ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದಾಗ, ಆ ನೀರಿಗೆ ತಕ್ಕ ಬೆಳೆ ಕಬ್ಬು, ಬೆಳೆಗೆ ತಕ್ಕ ಕಾರ್ಖಾನೆಯು ಮಂಡ್ಯದಲ್ಲಿ ಆಗಬೇಕೆಂದು ಶ್ರಮಿಸಿದವರಲ್ಲಿ ಅವರು ಅಗ್ರಗಣ್ಯರು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾಯಿತು. ದೂರದೇಶದ ವಿದ್ಯೆಯು ನಮ್ಮ ನೆಲದ ಪ್ರಶ್ನೆಯನ್ನು ತನ್ನ ಪ್ರಶ್ನೆಯಾಗಿ ಮಾಡಿಕೊಂಡದ್ದರಿಂದ ಆದ ಫಲವಿದು. ನಿಜವಾದ ದೇಶಾಂತರ ಸಂಬಂಧವೆಂದರೆ ಇದೇ. ಫಲಕದ ಮೇಲೆ ಇಂಗ್ಲಿಷಿನಲ್ಲಿ ಗ್ಲೋಬಲ್ ಎಂದು ಬರೆಸಿ, ಪರದೇಶದ ಪ್ರಾಧ್ಯಾಪಕನೊಬ್ಬನನ್ನು ಕರೆಸಿ ಹಾರಹಾಕಿ ಭಾವಚಿತ್ರ ತೆಗೆಸಿಕೊಳ್ಳುವುದರಿಂದ ಆಗತಕ್ಕದ್ದೇನೂ ಇಲ್ಲ.

ಈಗಿನ ಕಾಲದಲ್ಲಿ ಈ ಬಾಗಿಲುಗಳು ಅಗಲವಾಗಿ ತೆರೆದಿವೆ. ೨೦೨೨ರಲ್ಲಿ ಧನಸಹಾಯ ಆಯೋಗವು ಹೊರಡಿಸಿದ ನಿಯಮಗಳ ಪ್ರಕಾರ ನಮ್ಮ ವಿಶ್ವವಿದ್ಯಾನಿಲಯವು ಪರದೇಶದ ವಿಶ್ವವಿದ್ಯಾನಿಲಯದೊಡನೆ ಸೇರಿ ಜಂಟಿ ಪದವಿಯನ್ನು ಕೊಡಬಹುದು. ಪಾಠದ ಶೇಕಡ ೩೦ ಭಾಗವಾದರೂ ಒಂದೊಂದು ಕಡೆಯಲ್ಲಿ ನಡೆಯಬೇಕು. ಆದರೆ ಈ ಅಧಿಕಾರವು ಎಲ್ಲ ಸಂಸ್ಥೆಗಳಿಗೂ ತಾನಾಗಿ ಬರುವುದಿಲ್ಲ. ನ್ಯಾಕ್ ಮಂಡಲಿಯ ನಾಲ್ಕು ಅಂಕಗಳಲ್ಲಿ ೩.೦೧ಕ್ಕೆ ಕಡಿಮೆಯಿಲ್ಲದೆ ಪಡೆದಿರುವುದು, ಅಥವಾ ಶ್ರೇಣಿಯ ಪಟ್ಟಿಯಲ್ಲಿ ಮೇಲಿನ ಸ್ಥಾನದಲ್ಲಿರುವುದು ಮುಂತಾದ ಅರ್ಹತೆಗಳಲ್ಲಿ ಒಂದು ಬೇಕು. ಇದರಿಂದ ಮಾನ್ಯತೆಗೂ ದೇಶಾಂತರ ಸಂಬಂಧಕ್ಕೂ ಇರುವ ನಂಟು ಗೊತ್ತಾಗುತ್ತದೆ. ಮೊದಲನೆಯದು ಹೊಸ್ತಿಲು, ಎರಡನೆಯದು ಹೊಸ್ತಿಲಾಚೆಯ ದಾರಿ. ೨೦೨೩ರ ನಿಯಮಗಳಿಂದ ಪರದೇಶದ ವಿಶ್ವವಿದ್ಯಾನಿಲಯಗಳೇ ಇಲ್ಲಿಗೆ ಬಂದು ಶಾಖೆಯನ್ನು ತೆರೆಯಬಹುದಾಗಿದೆ. ಬೆಂಗಳೂರಿನಲ್ಲಿ ಶಾಖೆಯನ್ನು ಸ್ಥಾಪಿಸಲು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ೨೦೨೫ರಲ್ಲಿ ಒಪ್ಪಿಗೆಯ ಪತ್ರವು ದೊರೆಯಿತು. ಅದೇ ವರ್ಷ ಅಹಮದಾಬಾದಿನ ಐ.ಐ.ಎಂ. ತನ್ನ ಶಾಖೆಯನ್ನು ದುಬೈಯಲ್ಲಿ ತೆರೆಯಿತು. ಮಠಗಳೂ ಈ ವಿಷಯದಲ್ಲಿ ಹಿಂದುಳಿದಿಲ್ಲ. ಶ್ರೀ ಸುತ್ತೂರು ವೀರಸಿಂಹಾಸನ ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೫೪ರಲ್ಲಿ ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮಾರಿಷಸ್ ದ್ವೀಪದಲ್ಲಿಯೂ ದುಬೈಯಲ್ಲಿಯೂ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿದೆ. ಇತ್ತ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ಆಶ್ರಯದಲ್ಲಿ ೨೦೧೮ರಿಂದ ವಿಶ್ವವಿದ್ಯಾನಿಲಯವೊಂದು ನಡೆಯುತ್ತಿರುವುದು. ನಮ್ಮ ಮಕ್ಕಳಿಗೆ ದಾರಿಗಳು ಹೆಚ್ಚಾಗಿರುವುದು ಸಂತೋಷವೇ. ಆದರೆ ಹೆಚ್ಚು ಶುಲ್ಕವನ್ನು ತೆರಲಾರದವನಿಗೆ ಉಳಿಯುವ ದಾರಿಯು ಸರ್ಕಾರದ ವಿಶ್ವವಿದ್ಯಾನಿಲಯವೊಂದೇ. ಅದು ಕೆಳಗಿಳಿದರೆ ಅವನೂ ಇಳಿಯುವನು.

ದೇಶಾಂತರದವರಿಗೆ ನಾವು ಕೊಡತಕ್ಕದ್ದೇನಾದರೂ ಉಂಟೇ ಎಂದು ಕೆಲವರು ಸಂಕೋಚಪಡುತ್ತಾರೆ. ಅಮೆರಿಕದ ಹಾರ್ವರ್ಡ್ ವಾಣಿಜ್ಯ ವಿದ್ಯಾಶಾಲೆಯು ೧೯೦೮ರಲ್ಲಿ ಆರಂಭವಾಗಿ, ನಿದರ್ಶನ ಪದ್ಧತಿಯ ಬೋಧನೆಯಿಂದ ಜಗತ್ಪ್ರಸಿದ್ಧವಾಯಿತು. ಒಂದು ನಿಜವಾದ ವ್ಯಾಪಾರದ ಕಷ್ಟವನ್ನು ವಿವರವಾಗಿ ಬರೆದು ವಿದ್ಯಾರ್ಥಿಗಳ ಮುಂದಿಟ್ಟು, ನೀನು ಯಜಮಾನನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವುದು ಆ ಪದ್ಧತಿ. ನಮ್ಮ ಸೀಮೆಯಲ್ಲಿ ಅಂತಹ ನಿದರ್ಶನಗಳಿಗೆ ಬರವೆಲ್ಲಿದೆ? ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆಯು ರೈತರ ಷೇರಿನಿಂದ ಹುಟ್ಟಿ, ನಷ್ಟದಿಂದ ನಿಂತು, ೨೦೨೦ರಲ್ಲಿ ದೀರ್ಘಕಾಲದ ಗುತ್ತಿಗೆಗೆ ಖಾಸಗಿಯವರ ಕೈಸೇರಿದ ಕಥೆಯು ಸಹಕಾರತತ್ತ್ವದ ಬಲವನ್ನೂ ಬಲಹೀನತೆಯನ್ನೂ ಒಟ್ಟಿಗೆ ಕಲಿಸಬಲ್ಲದು. ನಾಗಮಂಗಲದ ಕಂಚಿನ ಎರಕದವರು ತಲೆತಲಾಂತರದಿಂದ ಬಂದ ವಿಗ್ರಹಶಿಲ್ಪವನ್ನು ಪೇಟೆಗೆ ಹೇಗೆ ತಲುಪಿಸುತ್ತಾರೆ, ಮೇಲುಕೋಟೆಯ ಮಗ್ಗದವರು ಯಂತ್ರದ ಬಟ್ಟೆಯ ಮುಂದೆ ಹೇಗೆ ನಿಲ್ಲುತ್ತಾರೆ, ಕೃಷ್ಣರಾಜಪೇಟೆಯ ಹಾಲು ಉತ್ಪಾದಕರ ಸಂಘದಲ್ಲಿ ಹೆಂಗಸರು ಲೆಕ್ಕವನ್ನು ಹೇಗೆ ಇಡುತ್ತಾರೆ, ಕಾವೇರಿಯಲ್ಲಿ ನೀರು ಕಡಿಮೆಯಾದ ವರ್ಷ ನಾಲೆಯ ಕೊನೆಯ ಗದ್ದೆಯವನು ಏನು ಮಾಡುತ್ತಾನೆ ಎಂಬ ಒಂದೊಂದು ಪ್ರಶ್ನೆಯೂ ಒಂದೊಂದು ಪಾಠ. ನೀರಿನ ಹಂಚಿಕೆಯನ್ನೂ ಸಣ್ಣ ಹಿಡುವಳಿಯ ವ್ಯಾಪಾರವನ್ನೂ ಕಲಿಯಬೇಕೆಂದಿರುವ ಪರದೇಶದ ವಿದ್ಯಾರ್ಥಿಗೆ ಇಂತಹ ಪಾಠವು ಅವನ ಊರಿನಲ್ಲಿ ದೊರೆಯದು. ಏಷ್ಯಾ, ಆಫ್ರಿಕಾ ಖಂಡಗಳ ಅನೇಕ ವಿದ್ಯಾರ್ಥಿಗಳು ಮೈಸೂರಿಗೆ ಓದಲು ಬಂದಿರುವುದನ್ನು ನೀವು ನೋಡಿದ್ದೀರಿ. ಅವರ ಸೀಮೆಯ ಕಷ್ಟಗಳೂ ನಮ್ಮ ಕಷ್ಟಗಳಂತಹವೇ. ಅವರನ್ನು ನಮ್ಮ ಹಳ್ಳಿಗಳಿಗೆ ಕರೆತಂದು, ನಮ್ಮ ಹುಡುಗರ ಜೊತೆಗೆ ಕೂಡಿಸಿ, ಆಲೆಮನೆಯ ಲೆಕ್ಕವನ್ನು ಬರೆಯಿಸಿದರೆ ಅದು ಹಡಗು ವಿಮಾನಗಳ ಖರ್ಚಿಲ್ಲದ ದೇಶಾಂತರ ವಿದ್ಯೆ.

ಈ ದಾರಿಗೆ ಅಡ್ಡಿಯಾಗಿ ಹೇಳುವ ಮಾತುಗಳು ಎರಡಿವೆ, ಎರಡರಲ್ಲಿಯೂ ಸತ್ಯವಿದೆ. ಮೊದಲನೆಯದು ಖರ್ಚು. ಅರ್ಜಿಯ ಶುಲ್ಕ, ವರ್ಷಂಪ್ರತಿಯ ಶುಲ್ಕ, ಪರಿಶೀಲಕರ ಪ್ರಯಾಣ ಎಲ್ಲವೂ ಡಾಲರಿನಲ್ಲಿ ಅಥವಾ ಯೂರೋವಿನಲ್ಲಿ. ಈ ಭಾರವನ್ನು ವಿದ್ಯಾರ್ಥಿಯ ಶುಲ್ಕಕ್ಕೆ ಹೊರಿಸಿದರೆ, ಯಾರಿಗಾಗಿ ಮುದ್ರೆಯನ್ನು ತಂದೆವೋ ಅವನೇ ಶಾಲೆಯ ಹೊರಗೆ ಉಳಿಯುವನು. ಆದಕಾರಣ ಈ ವೆಚ್ಚವನ್ನು ಸರ್ಕಾರವೂ, ಹಳೆಯ ವಿದ್ಯಾರ್ಥಿಗಳೂ, ಈ ಪದವೀಧರರಿಂದ ಲಾಭಪಡೆಯುವ ಉದ್ಯಮಿಗಳೂ ಹೊರುವುದು ನ್ಯಾಯ. ಎರಡನೆಯದು ಭಾಷೆ. ದೇಶಾಂತರವೆಂದೊಡನೆ ಕನ್ನಡ ಮಾಧ್ಯಮದಿಂದ ಬಂದ ಮಗುವು ಮೂಲೆಗೆ ಸೇರುವುದೆಂಬ ಭಯವುಂಟು. ಇಂಗ್ಲಿಷನ್ನು ಆ ಮಗುವಿಗೆ ಶ್ರದ್ಧೆಯಿಂದ ಕಲಿಸತಕ್ಕದ್ದು ಶಾಲೆಯ ಕರ್ತವ್ಯ. ಅದು ಬಾರದೆಂದು ಹಂಗಿಸತಕ್ಕದ್ದು ಕರ್ತವ್ಯವಲ್ಲ. ಲೆಕ್ಕವನ್ನು ಕನ್ನಡದಲ್ಲಿ ತಿಳಿದವನು ಇಂಗ್ಲಿಷಿನಲ್ಲಿ ಹೇಳಲು ಕಲಿಯುವನು. ಎರಡರಲ್ಲಿಯೂ ತಿಳಿಯದವನಿಗೆ ಉಚ್ಚಾರಣೆಯು ಎಷ್ಟು ಚೆನ್ನಾಗಿದ್ದರೂ ನಿಷ್ಪ್ರಯೋಜನ. ಪ್ರವೇಶದ ಮೊದಲಿನ ತಿಂಗಳುಗಳಲ್ಲಿ ಭಾಷೆಗೂ ಗಣಿತಕ್ಕೂ ಪ್ರತ್ಯೇಕ ತರಗತಿಗಳಿರಬೇಕು. ಆ ತರಗತಿಗಳಿಂದ ಎಷ್ಟು ಮಂದಿ ಮೇಲೆದ್ದರೆಂಬುದನ್ನೇ ಮಾನ್ಯತೆಯ ವರದಿಯಲ್ಲಿ ಹೆಮ್ಮೆಯಿಂದ ಬರೆಯಬಹುದು.

ಇಷ್ಟು ವಿಚಾರದ ಸಾರವನ್ನು ಕ್ರಮವಾಗಿ ಹೇಳುವುದಾದರೆ, ಮೊದಲು ಹುದ್ದೆಗಳು ತುಂಬಲಿ; ಎರಡನೆಯದಾಗಿ ಶಾಲೆಯೊಳಗೆ ಲಕ್ಕಮ್ಮನ ಅಳತೆಯು ನಡೆಯಲಿ; ಮೂರನೆಯದಾಗಿ ನಮ್ಮ ದೇಶದ ಮಂಡಲಿಗಳ ಮಾನ್ಯತೆಯನ್ನು ಕಳಂಕವಿಲ್ಲದೆ ಪಡೆಯಲಿ; ಅನಂತರ ದೇಶಾಂತರದ ಮುದ್ರೆಗೆ ಧೈರ್ಯವಾಗಿ ಅರ್ಜಿ ಹಾಕಲಿ. ಈ ಕ್ರಮವು ತಲೆಕೆಳಗಾದರೆ ಬೆಲ್ಲಕ್ಕೆ ಬಣ್ಣ ಬರಬಹುದು, ಗುಣ ಬಾರದು.

ಕೊನೆಯದಾಗಿ ಭಕ್ತಮಹಾಜನರಲ್ಲಿ ಒಂದು ಬಿನ್ನಹ. ಮಕ್ಕಳನ್ನು ಇಂತಹ ಶಾಲೆಗೆ ಸೇರಿಸುವ ಮೊದಲು ಐದು ಪ್ರಶ್ನೆಗಳನ್ನು ಕೇಳಿರಿ. ಮಾನ್ಯತೆ ಯಾರದು, ಯಾವ ವರ್ಷದವರೆಗೆ? ಅದು ಇಡೀ ಕಾಲೇಜಿಗೋ, ಈ ಪದವಿಗೋ? ಖಾಯಂ ಉಪಾಧ್ಯಾಯರು ಎಷ್ಟು ಮಂದಿ? ಹೋದ ವರ್ಷ ಓದಿ ಮುಗಿಸಿದವರು ಈಗ ಎಲ್ಲಿದ್ದಾರೆ? ಪರದೇಶದ ಶಾಲೆಯೊಡನೆ ಒಪ್ಪಂದವಿದೆಯೆಂದರೆ, ಅದರಂತೆ ಇದುವರೆಗೆ ಹೋಗಿಬಂದವರು ಯಾರು? ಈ ಪ್ರಶ್ನೆಗಳನ್ನು ಕೇಳುವುದು ಅವಿನಯವಲ್ಲ. ನೂರು ತಂದೆತಾಯಿಗಳು ಕೇಳತೊಡಗಿದರೆ ಯಾವ ಮಂಡಲಿಯ ಪರಿಶೀಲನೆಗಿಂತಲೂ ಅದು ಬಲವಾದ ಪರಿಶೀಲನೆಯಾಗುವುದು. ಅನ್ನದಾಸೋಹದ ಜೊತೆಗೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿರುವ ಮಠಗಳಿಗೂ ಇಲ್ಲಿ ಕೆಲಸವುಂಟು. ಉಚ್ಚ ವಿದ್ಯೆಗೆ ಹೋಗುವ ಬಡ ಮಕ್ಕಳಿಗೆ ನಗರದಲ್ಲಿ ತಂಗಲು ಸ್ಥಳ, ಪ್ರವೇಶಕ್ಕೆ ಮೊದಲು ಸರಿಯಾದ ಸಲಹೆ, ಇಂಗ್ಲಿಷು ಮತ್ತು ಲೆಕ್ಕದಲ್ಲಿ ಬೇಸಗೆಯ ಪಾಠ, ಇವು ಮೂರು ಒದಗಿದರೆ ವಿಶ್ವವಿದ್ಯಾನಿಲಯದ ಅರ್ಧ ಭಾರವು ಇಳಿದಂತಾಗುವುದು.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾದುದು ಸ್ವಲ್ಪವೇ. ನಿಮ್ಮ ಶಾಲೆಯ ಮೇಲಿರುವ ಮುದ್ರೆಯು ನಿಮಗೆ ಬಾಗಿಲನ್ನು ತೆರೆದು ಕೊಡುವುದು. ಒಳಗೆ ಹೋದ ಮೇಲೆ ನಿಮ್ಮನ್ನು ನಿಲ್ಲಿಸುವುದು ನಿಮ್ಮ ಕಾಯಕದ ಶುದ್ಧಿ. ದೇಶಾಂತರಕ್ಕೆ ಹೋದರೂ ಹೋಗಿರಿ. ಕಬ್ಬಿನ ತೂಕದಲ್ಲಿ ನಿಮ್ಮ ತಂದೆ ಯಾವ ನ್ಯಾಯವನ್ನು ಬಯಸಿದನೋ ಅದೇ ನ್ಯಾಯವನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ನಡೆಸಿರಿ.